ಕಾಡುದಾರಿಯ ಸವಾರರು ಡಾಂಬರು ರಸ್ತೆಗೆ ಬಂದಾಗ

ಕಾಡುಮೇಡಿನ ಹಾದಿಗೆಂದು ಮಾಡಿದ ಸೈಕಲ್ಲಾದ ಮೌಂಟನ್ ಬೈಕ್ ಓಡಿಸಿ ರೂಢಿಯಾದವರು, ಡಾಂಬರು ರಸ್ತೆಗೆಂದು ಮಾಡಿದ ರೋಡ್ ಬೈಕ್ ಹತ್ತಿದಾಗ ಏಳುವ ಸಂದೇಹಗಳೇ ಈ ಬಾರಿಯ ಪತ್ರಗಳಲ್ಲಿ ಹೆಚ್ಚಾಗಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಪತ್ರಗಳನ್ನು ತುಸು ಮೊಟಕುಗೊಳಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಹಲವು ವರ್ಷಗಳಿಂದ ಮೌಂಟನ್ ಬೈಕ್ ಓಡಿಸುತ್ತಿದ್ದೇನೆ. ಗೆಳೆಯರ ಒತ್ತಾಯಕ್ಕೆ ಮಣಿದು ಈಚೆಗೆ ರೋಡ್ ಬೈಕ್ ಕೊಂಡೆ. ಕಾಡುದಾರಿಯಲ್ಲಿ ಮೂರು ಗಂಟೆ ಕಳೆದರೂ ಹೊತ್ತು ಹೋದದ್ದು ತಿಳಿಯುವುದಿಲ್ಲ. ರಸ್ತೆಯಲ್ಲಿ ಅರ್ಧ ಗಂಟೆಗೇ ಬೇಸರ ಬರುತ್ತದೆ. ರಸ್ತೆಯ ಸವಾರಿ ನನ್ನಂಥವರಿಗೆ ಒಗ್ಗುವುದಿಲ್ಲವೇ?

ಉತ್ತರ: ಕಾಡುದಾರಿಯಲ್ಲಿ ನೀವು ಎಷ್ಟು ಬಲ ಹಾಕಬೇಕೆಂಬುದನ್ನು ನೆಲವೇ ತೀರ್ಮಾನಿಸುತ್ತದೆ. ಬೇರುಗಳು ಹೆಣೆದುಕೊಂಡ ಏರು ಎದುರಾದರೆ ಹತ್ತಿಪ್ಪತ್ತು ಸೆಕೆಂಡು ಮೈಯ ಬಲವನ್ನೆಲ್ಲ ಒಟ್ಟುಗೂಡಿಸಿ ತುಳಿಯುತ್ತೀರಿ, ಬಂಡೆಯಿಂದ ಇಳಿಯುವಾಗ ತುಳಿಯುವುದನ್ನೇ ನಿಲ್ಲಿಸುತ್ತೀರಿ, ತಿರುವು ದಾಟಿದೊಡನೆ ಮತ್ತೆ ಬಲ ಹಾಕುತ್ತೀರಿ. ಏನು ಮಾಡಬೇಕೆಂದು ಕ್ಷಣಕ್ಷಣಕ್ಕೂ ಹೊರಗಿನಿಂದಲೇ ಸೂಚನೆ ಬರುತ್ತಿರುವುದರಿಂದ ಮನಸ್ಸಿಗೆ ಬೇರೆಡೆ ಹೋಗಲು ಬಿಡುವಿಲ್ಲ. ನುಣುಪಾದ ಡಾಂಬರು ರಸ್ತೆ ಅಂಥ ಸೂಚನೆಗಳನ್ನು ಕೊಡುವುದು ತೀರಾ ಕಡಿಮೆ. ಅಲ್ಲಿ ಎಷ್ಟು ಬಲ, ಎಷ್ಟು ಹೊತ್ತು, ಯಾವ ಗೇರಿನಲ್ಲಿ ಎಂಬುದನ್ನೆಲ್ಲ ಸವಾರನೇ ನಿರ್ಧರಿಸಬೇಕು. ಮೌಂಟನ್ ಬೈಕಿನಿಂದ ಬಂದವರು ರಸ್ತೆಯೇ ತಮಗೆ ಕೆಲಸ ಹಚ್ಚಲಿ ಎಂದು ಕಾಯುತ್ತಾರೆ. ಅದು ಹಚ್ಚದಿದ್ದಾಗ ಬೇಸರವಾಗುತ್ತದೆ. ರಸ್ತೆಯ ಸವಾರಿಯಲ್ಲಿ ಗಮನಿಸಬೇಕಾದದ್ದು ಬೇಕಾದಷ್ಟಿದೆ, ಆದರೆ ಅದು ಚಕ್ರದ ಮುಂದಿನ ಎರಡು ಮೀಟರ್ ನೆಲದಲ್ಲಿ ಕಾಣಸಿಗುವುದಿಲ್ಲ.

ಮೊದಲು ಗಾಳಿಯನ್ನು ಗಮನಿಸಲು ಕಲಿಯಿರಿ. ಸಮತಟ್ಟಾದ ರಸ್ತೆಯಲ್ಲಿ ವೇಗ ಗಂಟೆಗೆ 20 ಕಿ.ಮೀ. ದಾಟಿದ ಮೇಲೆ ನೀವು ಹಾಕುವ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಗಾಳಿಯನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ ವೇಗ 20ರಿಂದ 30 ಕಿ.ಮೀ.ಗೆ ಏರಿದರೆ ಗಾಳಿಗೆ ತೆರಬೇಕಾದ ಶಕ್ತಿ ಮೂರು ಪಟ್ಟಿಗೂ ಮೀರುತ್ತದೆ. ಮೊಣಕೈಯನ್ನು ತುಸು ಮಡಿಸಿ ಎದೆಯನ್ನು ತಗ್ಗಿಸಿದೊಡನೆ ಅದೇ ಬಲಕ್ಕೆ ಸೈಕಲ್ ಮುನ್ನುಗ್ಗುವುದು, ರಸ್ತೆ ಹೊರಳಿದಾಗ ಎದುರುಗಾಳಿ ಪಕ್ಕದ ಗಾಳಿಯಾಗಿ ಮಾರ್ಪಡುವುದು, ಆಗ ಗೇರ್ ಬದಲಿಸಬೇಕೋ ಬೇಡವೋ ಎಂದು ಕಾಲುಗಳೇ ಹೇಳುವುದು, ಇವೆಲ್ಲ ಒಮ್ಮೆ ಅನುಭವಕ್ಕೆ ಬಂದರೆ ಬರಿದಾಗಿ ಕಾಣುವ ರಸ್ತೆಯೂ ಬರಿದಾಗಿ ಉಳಿಯುವುದಿಲ್ಲ.

ಎರಡನೆಯದು ಸಮನಾದ ತುಳಿತ. ನಿಮಿಷಕ್ಕೆ 80ರಿಂದ 95 ಸುತ್ತು ಬರುವಂತೆ ಹಗುರವಾದ ಗೇರಿನಲ್ಲಿ, ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗುವಷ್ಟೇ ಬಲದಲ್ಲಿ, ಒಂದು ಗಂಟೆ ಎಲ್ಲೂ ತುಳಿತ ನಿಲ್ಲಿಸದೆ ಹೋಗಿ ನೋಡಿ. ಕಾಡುದಾರಿಯಲ್ಲಿ ಅಷ್ಟು ಹೊತ್ತು ಬಿಡುವಿಲ್ಲದೆ ತುಳಿಯುವ ಅವಕಾಶವೇ ಸಿಗುವುದಿಲ್ಲ, ಆದ್ದರಿಂದ ಇದು ನಿಮ್ಮ ದೇಹಕ್ಕೆ ನಿಜಕ್ಕೂ ಹೊಸ ಕೆಲಸ. ಒಂದು ದೀರ್ಘವಾದ ಏರನ್ನು ಆರಿಸಿಕೊಂಡು, ಮೊದಲರ್ಧದಲ್ಲಿ ಆಸೆಯನ್ನು ಹತ್ತಿಕ್ಕಿ, ಎರಡನೆಯ ಅರ್ಧವನ್ನು ಮೊದಲಿನದಕ್ಕಿಂತ ನಿಧಾನವಾಗದಂತೆ ಮುಗಿಸುವುದು ನನ್ನ ದೃಷ್ಟಿಯಲ್ಲಿ ರಸ್ತೆಯ ಸವಾರಿ ಕೊಡಬಲ್ಲ ಅತ್ಯಂತ ತೃಪ್ತಿಯ ಅನುಭವಗಳಲ್ಲೊಂದು. ಕಡಿದಾದ ಕಲ್ಲುಹಾದಿಯನ್ನು ಕಾಲೂರದೆ ಹತ್ತಿದಾಗ ಆಗುವ ಸಂತೋಷಕ್ಕಿಂತ ಅದು ಬೇರೆ ಜಾತಿಯದು, ಕಡಿಮೆಯದಲ್ಲ.

ಕೆಲವು ತಿಂಗಳು ಹೀಗೆ ಮನಸ್ಸಿಟ್ಟು ಓಡಿಸಿದ ಮೇಲೂ ರುಚಿಸದಿದ್ದರೆ ರೋಡ್ ಬೈಕನ್ನು ಬಿಟ್ಟುಬಿಡಿ. ಗೆಳೆಯರ ಸಲುವಾಗಿ ಸಹಿಸಿಕೊಂಡು ಮಾಡಬೇಕಾದ ವ್ರತ ಇದಲ್ಲ.

ಪ್ರಶ್ನೆ: ರಸ್ತೆಗೆಂದೇ ಇನ್ನೊಂದು ಸೈಕಲ್ ಕೊಳ್ಳಲೇಬೇಕೇ? ನನ್ನ 29 ಇಂಚಿನ ಮೌಂಟನ್ ಬೈಕಿಗೆ ನುಣುಪಾದ ಟೈರ್ ಹಾಕಿಕೊಂಡರೆ ಸಾಲದೇ?

ಉತ್ತರ: ಆರಂಭಕ್ಕೆ ಧಾರಾಳವಾಗಿ ಸಾಕು, ಕೊಳ್ಳುವ ಮುನ್ನ ಹೀಗೆಯೇ ಪರೀಕ್ಷಿಸುವುದು ಜಾಣತನ. 29 ಇಂಚಿನ ಚಕ್ರದಲ್ಲೂ ರೋಡ್ ಬೈಕಿನ 700ಸಿ ಚಕ್ರದಲ್ಲೂ ಟೈರಿನ ಅಂಚು ಕೂರುವ ರಿಮ್ಮಿನ ವ್ಯಾಸ ಒಂದೇ, 622 ಮಿ.ಮೀ. ಹಾಗೆಂದು ರೋಡ್ ಬೈಕಿನ 28 ಮಿ.ಮೀ. ಟೈರನ್ನು ತಂದು ನಿಮ್ಮ ರಿಮ್ಮಿಗೆ ಏರಿಸಬೇಡಿ. ಈಗಿನ ಮೌಂಟನ್ ಬೈಕ್ ರಿಮ್ಮುಗಳ ಒಳಅಗಲ ಸಾಮಾನ್ಯವಾಗಿ 25ರಿಂದ 30 ಮಿ.ಮೀ. ಇರುತ್ತದೆ, ಅಂಥ ರಿಮ್ಮಿನ ಮೇಲೆ ಕಿರಿದಾದ ಟೈರ್ ಭದ್ರವಾಗಿ ಕೂರುವುದಿಲ್ಲ. ಸುಮಾರು 45ರಿಂದ 50 ಮಿ.ಮೀ. ಅಗಲದ, ಉಬ್ಬುಗಳಿಲ್ಲದ ಟೈರನ್ನು ನಿಮ್ಮ ರಿಮ್ ಒಪ್ಪುತ್ತದೆಯೇ ಎಂದು ವಿಚಾರಿಸಿಕೊಂಡು ಹಾಕಿ. ಗಾಳಿಯ ಒತ್ತಡದ ಮಿತಿಯನ್ನು ಟೈರಿನ ಪಕ್ಕದಲ್ಲಿಯೂ ಹಲವು ರಿಮ್ಮುಗಳ ಮೇಲೂ ಮುದ್ರಿಸಿರುತ್ತಾರೆ. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಕೂಡದು. ವಿಶೇಷವಾಗಿ ಅಂಚಿನಲ್ಲಿ ಕೊಕ್ಕೆಯಿಲ್ಲದ ಹುಕ್‌ಲೆಸ್ ರಿಮ್ಮುಗಳಿಗೆ 72.5 ಪಿಎಸ್‌ಐಗಿಂತ ಹೆಚ್ಚು ಗಾಳಿ ಎಂದಿಗೂ ಸಲ್ಲದು, ಅಗಲವಾದ ಟೈರುಗಳಿಗೆ ಮಿತಿ ಇನ್ನೂ ಕಡಿಮೆ.

ಟೈರ್ ಬದಲಿಸಿ, ಮುಂದಿನ ಸಸ್ಪೆನ್ಷನ್ನನ್ನು ಲಾಕ್ ಮಾಡಿಕೊಂಡರೆ ಸೈಕಲ್ಲಿನ ನಡೆ ಗುರುತು ಸಿಗದಷ್ಟು ಬದಲಾಗುತ್ತದೆ. ಉಬ್ಬುಗಳುಳ್ಳ ಟೈರ್ ಡಾಂಬರಿನ ಮೇಲೆ ಗುಂಯ್ ಎಂದು ಸದ್ದು ಮಾಡುತ್ತದಲ್ಲವೇ, ಪ್ರತಿಯೊಂದು ಉಬ್ಬೂ ನೆಲಕ್ಕೆ ಒತ್ತಿ ಬಾಗಿ ಮತ್ತೆ ಚಿಮ್ಮುವಾಗ ನಿಮ್ಮ ತುಳಿತದ ಒಂದು ಪಾಲನ್ನು ನುಂಗಿಹಾಕುತ್ತಿರುತ್ತದೆ.

ಎಲ್ಲಿಯವರೆಗೆ ಇದು ಸಾಕಾಗುತ್ತದೆ ಎಂಬುದು ಗೇರುಗಳ ಲೆಕ್ಕದಿಂದ ತಿಳಿಯುತ್ತದೆ. ಮುಂದೆ 32 ಹಲ್ಲು, ಹಿಂದೆ ಅತಿ ಚಿಕ್ಕದು 10 ಹಲ್ಲು ಇರುವ ಮೌಂಟನ್ ಬೈಕನ್ನು ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ ಹತ್ತಿರ ಹತ್ತಿರ 40 ಕಿ.ಮೀ. ಸಿಗುತ್ತದೆ. ಮುಂದೆ 50, ಹಿಂದೆ 11 ಹಲ್ಲುಗಳ ರೋಡ್ ಬೈಕಿನಲ್ಲಿ ಅದೇ ತುಳಿತಕ್ಕೆ ಸುಮಾರು 50 ಕಿ.ಮೀ. ಬರುತ್ತದೆ. ಒಬ್ಬರೇ ಸವಾರಿ ಮಾಡುವವರಿಗೆ ಈ ವ್ಯತ್ಯಾಸ ಇಳಿಜಾರಿನಲ್ಲಿ ಮಾತ್ರ ಲೆಕ್ಕಕ್ಕೆ ಬರುವಂಥದು. ಅದಕ್ಕಿಂತ ಹೆಚ್ಚು ಕಾಡುವುದು ಗೇರುಗಳ ನಡುವಿನ ಅಂತರ. ಮೌಂಟನ್ ಬೈಕಿನ ಹಿಂದಿನ ಹಲ್ಲುಗಾಲಿಗಳು 10ರಿಂದ 51ರವರೆಗೆ ದೊಡ್ಡ ದೊಡ್ಡ ಹೆಜ್ಜೆಗಳಲ್ಲಿ ಏರುತ್ತವೆ. ಸಮನಾಗಿ ತುಳಿಯಬೇಕಾದ ರಸ್ತೆಯಲ್ಲಿ ಒಂದು ಗೇರ್ ಭಾರವೆನಿಸಿ ಮುಂದಿನದು ತೀರಾ ಹಗುರವೆನಿಸುತ್ತದೆ. ಇದು ನಿಮಗೆ ಕಿರಿಕಿರಿಯಾಗತೊಡಗಿದ ದಿನ, ನಿಜವಾದ ರೋಡ್ ಬೈಕ್ ಕೊಳ್ಳುವುದಕ್ಕೆ ಸಕಾರಣ ಸಿಕ್ಕಿತೆಂದು ತಿಳಿಯಿರಿ.

ಬಾಗಿದ ಹ್ಯಾಂಡಲ್, 40 ಮಿ.ಮೀ. ಆಸುಪಾಸಿನ ಟೈರ್ ಇರುವ ಗ್ರ್ಯಾವೆಲ್ ಬೈಕ್ ಒಂದನ್ನೇ ಕೊಂಡು ಎರಡಕ್ಕೂ ಬಳಸಬಹುದೇ ಎಂದೂ ಕೆಲವರು ಕೇಳಿದ್ದಾರೆ. ಡಾಂಬರಿಗೂ ಹದವಾದ ಮಣ್ಣುದಾರಿಗೂ ಅದು ಒಳ್ಳೆಯ ಸೈಕಲ್. ಕಲ್ಲು, ಬೇರು, ಕಡಿದಾದ ಇಳಿಜಾರುಗಳ ಹಾದಿಯನ್ನು ಪ್ರೀತಿಸುವವರಿಗೆ ಮಾತ್ರ ಅದು ಮೌಂಟನ್ ಬೈಕಿನ ಬದಲಿಯಾಗಲಾರದು, ಆದ್ದರಿಂದ ಇರುವುದನ್ನು ಮಾರಿ ಅದನ್ನು ಕೊಳ್ಳುವ ಆತುರ ಬೇಡ.

ಪ್ರಶ್ನೆ: ರೋಡ್ ಬೈಕಿನಲ್ಲಿ ಒಂದು ಗಂಟೆ ಕಳೆಯುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತದೆ, ಕಿರುಬೆರಳು ಮತ್ತು ಉಂಗುರಬೆರಳು ಜೋಮು ಹಿಡಿಯುತ್ತವೆ. ಮೌಂಟನ್ ಬೈಕಿನಲ್ಲಿ ಈ ತೊಂದರೆ ಎಂದೂ ಇರಲಿಲ್ಲ.

ಉತ್ತರ: ಕಾಡುದಾರಿಯಲ್ಲಿ ನೀವು ಒಂದೇ ಭಂಗಿಯಲ್ಲಿ ಐದು ನಿಮಿಷ ಕೂರುವುದೂ ಅಪರೂಪ. ಏಳುತ್ತೀರಿ, ಹಿಂದಕ್ಕೆ ಸರಿಯುತ್ತೀರಿ, ಮುಂದಕ್ಕೆ ಬಾಗುತ್ತೀರಿ. ಆ ಚಲನೆಯೇ ಕೈ, ಕತ್ತು, ಬೆನ್ನುಗಳಿಗೆ ವಿಶ್ರಾಂತಿ. ರಸ್ತೆಯಲ್ಲಿ ನಾವಾಗಿ ನೆನಪಿಟ್ಟುಕೊಂಡು ಭಂಗಿ ಬದಲಿಸಬೇಕಾಗುತ್ತದೆ. ಬಾಗಿದ ಹ್ಯಾಂಡಲ್ ಇರುವುದೇ ಅದಕ್ಕಾಗಿ: ಬ್ರೇಕ್ ಹಿಡಿಯ ಮೇಲೆ, ನೇರವಾದ ಮೇಲ್ಭಾಗದ ಮೇಲೆ, ಕೆಳಬಾಗಿನಲ್ಲಿ, ಹೀಗೆ ಹಲವು ಕಡೆ ಕೈಯಿಡಲು ಬರುತ್ತದೆ. ಕೆಲವು ನಿಮಿಷಗಳಿಗೊಮ್ಮೆ ಜಾಗ ಬದಲಿಸಿ, ಹತ್ತು ನಿಮಿಷಕ್ಕೊಮ್ಮೆಯಾದರೂ ಸೀಟಿನಿಂದೆದ್ದು ಹತ್ತಾರು ಸುತ್ತು ತುಳಿಯಿರಿ. ಭುಜಗಳು ಕಿವಿಯ ಕಡೆಗೆ ಏರಿ ಬಿಗಿದುಕೊಂಡಿವೆಯೇ ಎಂದು ಆಗಾಗ ನೋಡಿಕೊಳ್ಳಿ. ಬಹಳ ಮಂದಿಯ ಕತ್ತುನೋವು ಅಲ್ಲಿಂದಲೇ ಶುರುವಾಗುತ್ತದೆ.

ಆ ಎರಡು ಬೆರಳುಗಳ ಜೋಮಿಗೆ, ಅಂಗೈಯ ಹೊರಅಂಚಿನಲ್ಲಿ ಹಾಯುವ ಅಲ್ನರ್ ನರದ ಮೇಲೆ ಬೀಳುವ ಒತ್ತಡ ಕಾರಣ. ಮೈಭಾರ ಅಗತ್ಯಕ್ಕಿಂತ ಹೆಚ್ಚಾಗಿ ಕೈಗಳ ಮೇಲೆ ಬೀಳುತ್ತಿದೆ ಎಂಬುದಕ್ಕೆ ಅದು ಸೂಚನೆ. ಸೀಟಿನ ಮೂತಿ ಕೆಳಗೆ ವಾಲಿದ್ದರೆ ದೇಹ ಮುಂದಕ್ಕೆ ಜಾರುತ್ತಿರುತ್ತದೆ, ಆದ್ದರಿಂದ ಮೊದಲು ಅದನ್ನು ಸಮತಟ್ಟು ಮಾಡಿ. ಹ್ಯಾಂಡಲ್ ತೀರಾ ತಗ್ಗಿನಲ್ಲಿದ್ದರೆ, ಅದನ್ನು ಸೈಕಲ್ಲಿಗೆ ಜೋಡಿಸುವ ತುಂಡಾದ ಸ್ಟೆಮ್ಮಿನ ಮೇಲಿರುವ ಬಳೆಗಳನ್ನು ಅದರ ಕೆಳಗೆ ಸೇರಿಸಿ ಎತ್ತರಿಸಬಹುದು. ದೂರವೆನಿಸಿದರೆ ಒಂದೆರಡು ಸೆಂಟಿಮೀಟರ್ ಗಿಡ್ಡನೆಯ ಸ್ಟೆಮ್ ಹಾಕಿಸಬಹುದು. ಇದರ ಜೊತೆಗೆ ಟೈರಿನ ಗಾಳಿಯನ್ನೂ ಒಮ್ಮೆ ಪರಿಶೀಲಿಸಿ. ರೋಡ್ ಬೈಕ್ ಎಂದರೆ ಟೈರ್ ಕಲ್ಲಿನಂತಿರಬೇಕೆಂಬ ನಂಬಿಕೆ ಹಳೆಯದು. 28 ಮಿ.ಮೀ. ಟೈರಿನಲ್ಲಿ ಮಧ್ಯಮ ತೂಕದವರಿಗೆ 60ರಿಂದ 80 ಪಿಎಸ್‌ಐ ಸಾಕಾಗುತ್ತದೆ, ಅದಕ್ಕೂ ಮೀರಿದರೆ ಒರಟು ರಸ್ತೆಯ ನಡುಕವೆಲ್ಲ ನೇರವಾಗಿ ಅಂಗೈಗೆ ಬರುತ್ತದೆ. ಸೈಕಲ್ಲಿನಿಂದ ಇಳಿದ ಮೇಲೂ ಜೋಮು ಹೋಗದಿದ್ದರೆ, ಅಥವಾ ಬೆರಳುಗಳ ಹಿಡಿತ ಸಡಿಲವಾದರೆ, ವೈದ್ಯರನ್ನು ಕಾಣಲು ತಡಮಾಡಬೇಡಿ.

ಪ್ರಶ್ನೆ: ಬಂಡೆಗಳ ನಡುವಿನ ಇಳಿಜಾರಿನಲ್ಲಿ ಅಳುಕಿಲ್ಲದೆ ಇಳಿಯುವವನು ನಾನು. ಆದರೆ ನುಣುಪಾದ ರಸ್ತೆಯಲ್ಲಿ ವೇಗ 50 ಕಿ.ಮೀ. ದಾಟಿದರೆ ಮೈ ಬಿಗಿಯುತ್ತದೆ, ತಿರುವು ಬಂದರೆ ಕೈ ತಾನಾಗಿಯೇ ಬ್ರೇಕ್ ಹಿಡಿಯುತ್ತದೆ. ಇದೇಕೆ?

ಉತ್ತರ: ನಿಮ್ಮ ಅಳುಕಿಗೆ ತಕ್ಕ ಕಾರಣಗಳಿವೆ, ಅದನ್ನು ಪುಕ್ಕಲುತನವೆಂದು ತಿಳಿಯಬೇಕಿಲ್ಲ. ಮೌಂಟನ್ ಬೈಕಿನಲ್ಲಿ ಇಳಿಜಾರು ಬಂದೊಡನೆ ಸೀಟನ್ನು ಕೆಳಗಿಳಿಸಿ, 75 ಸೆಂಟಿಮೀಟರಿಗೂ ಅಗಲವಾದ ಹ್ಯಾಂಡಲ್ಲನ್ನು ಹಿಡಿದು, ಸೈಕಲ್ಲನ್ನು ನಿಮ್ಮ ಕೆಳಗೆ ಬೇಕಾದಂತೆ ವಾಲಿಸುತ್ತೀರಿ. ಮುಂಚಕ್ರವನ್ನು ಹಿಡಿದಿರುವ ಕವಲು, ಎಂದರೆ ಫೋರ್ಕ್, ಹೆಚ್ಚು ಓರೆಯಾಗಿರುವುದರಿಂದ ಸೈಕಲ್ ತಾನಾಗಿಯೇ ನೇರಕ್ಕೆ ನಿಲ್ಲಲು ನೋಡುತ್ತದೆ. ರೋಡ್ ಬೈಕಿನಲ್ಲಿ ಸೀಟು ಎತ್ತರದಲ್ಲೇ ಉಳಿಯುತ್ತದೆ, ಹ್ಯಾಂಡಲ್ ಅದರ ಅರ್ಧಕ್ಕಿಂತ ತುಸು ಹೆಚ್ಚು ಅಗಲವಷ್ಟೇ ಇರುತ್ತದೆ, ಫೋರ್ಕ್ ಕಡಿದಾಗಿ ನಿಂತಿರುವುದರಿಂದ ಕೈಯ ಸಣ್ಣ ಚಲನೆಗೂ ಸೈಕಲ್ ಸ್ಪಂದಿಸುತ್ತದೆ. ಇಷ್ಟೆಲ್ಲ ಬದಲಾದಾಗ ಹಳೆಯ ಅಭ್ಯಾಸಗಳು ಕೈಕೊಡುವುದು ಸಹಜ.

ಇನ್ನೊಂದು ಕಾರಣ ಕಣ್ಣಿನದು. ಕಾಡುದಾರಿಯಲ್ಲಿ ನಿಮ್ಮ ದೃಷ್ಟಿ ಕೆಲವೇ ಮೀಟರುಗಳಾಚೆ ಸುಳಿದಾಡುತ್ತಿರುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 14 ಮೀಟರ್ ಸಾಗುತ್ತೀರಿ. ಹತ್ತು ಮೀಟರ್ ದೂರದ ನೆಲವನ್ನು ನೋಡುತ್ತಿದ್ದರೆ ಕಂಡದ್ದಕ್ಕೆ ಸ್ಪಂದಿಸುವ ಮೊದಲೇ ಅದನ್ನು ದಾಟಿರುತ್ತೀರಿ, ಆಗ ಮನಸ್ಸು ಹೆದರದೆ ಇನ್ನೇನು ಮಾಡೀತು. ನೋಟವನ್ನು ತಿರುವಿನ ಕೊನೆಯವರೆಗೆ, ರಸ್ತೆ ಕಣ್ಮರೆಯಾಗುವ ಜಾಗದವರೆಗೆ ಎತ್ತಿ. ಅರ್ಧ ಭಯ ಅಷ್ಟಕ್ಕೇ ಇಳಿಯುತ್ತದೆ.

ತಿರುವನ್ನು ಹೀಗೆ ತೆಗೆದುಕೊಳ್ಳಿ. ಸೈಕಲ್ ಇನ್ನೂ ನೆಟ್ಟಗಿರುವಾಗಲೇ ಎರಡೂ ಬ್ರೇಕುಗಳನ್ನು ಹಂತಹಂತವಾಗಿ ಒತ್ತಿ, ತಿರುವಿಗೆ ಬೇಕಾದಷ್ಟು ವೇಗ ತಗ್ಗಿಸಿ, ವಾಲುವ ಮುನ್ನ ಬಿಟ್ಟುಬಿಡಿ. ಕೈಗಳು ಹ್ಯಾಂಡಲ್ಲಿನ ಕೆಳಬಾಗಿನಲ್ಲಿರಲಿ, ಅಲ್ಲಿಂದ ಬ್ರೇಕಿನ ಮೇಲೆ ಹಿಡಿತವೂ ಹೆಚ್ಚು, ಮೈಯೂ ತಗ್ಗುತ್ತದೆ. ಹೊರಬದಿಯ ಪೆಡಲ್ ಪೂರ್ತಿ ಕೆಳಗಿರಬೇಕು, ಸೀಟಿನ ಮೇಲಿನ ಭಾರವನ್ನು ಆ ಪಾದಕ್ಕೆ ವರ್ಗಾಯಿಸಬೇಕು. ಇದನ್ನು ಸರಿಯಾಗಿ ಮಾಡಿದಾಗ ಸೀಟು ಹಗುರವಾದದ್ದು ತೊಡೆಗೆ ಗೊತ್ತಾಗುತ್ತದೆ. ಬಳಿಕ ಒಳಬದಿಯ ಕೈಯಿಂದ ಹ್ಯಾಂಡಲ್ಲನ್ನು ನವಿರಾಗಿ ಮುಂದಕ್ಕೆ ಒತ್ತಿದರೆ ಸೈಕಲ್ ಆ ಬದಿಗೆ ವಾಲಿ ತಾನಾಗಿ ತಿರುಗುತ್ತದೆ. ಕಾಡುದಾರಿಯಲ್ಲಿ ಮೈಯನ್ನು ನೆಟ್ಟಗಿಟ್ಟು ಸೈಕಲ್ಲನ್ನಷ್ಟೇ ವಾಲಿಸುತ್ತಿದ್ದಿರಿ. ಇಲ್ಲಿ ಎರಡೂ ಸುಮಾರಾಗಿ ಒಟ್ಟಿಗೆ ವಾಲಬೇಕು. ನಿಮ್ಮ ಕೌಶಲದ ಬಹುಪಾಲು, ಎಂದರೆ ಸಡಿಲವಾದ ಮೊಣಕೈ, ಸಮತೋಲದ ಅರಿವು, ಗಾಬರಿಯಾಗದ ಮನಸ್ಸು, ಹಾಗೆಯೇ ಉಪಯೋಗಕ್ಕೆ ಬರುತ್ತವೆ. 2022ರ ಟೂರ್ ದ ಫ್ರಾನ್ಸಿನಲ್ಲಿ ಮೌಂಟನ್ ಬೈಕ್ ಒಲಿಂಪಿಕ್ ಚಾಂಪಿಯನ್ ಟಾಮ್ ಪಿಡ್‌ಕಾಕ್ ಗಾಲಿಬಿಯೆ ಪರ್ವತದ ಇಳಿಜಾರಿನಲ್ಲಿ ಧಾವಿಸಿ ಮುಂದಿದ್ದ ಗುಂಪನ್ನು ಸೇರಿಕೊಂಡು, ಅದೇ ದಿನ ಆಲ್ಪ್ ದುಯೆಜ್ ಏರಿನ ತುದಿಯಲ್ಲಿ ಮುಗಿದ ಹಂತವನ್ನು ಗೆದ್ದರು. ಅವರ ಕೌಶಲ ಮಣ್ಣಿನಲ್ಲಿ ಪಳಗಿದ್ದೆಂಬುದು ನೋಡಿದ ಯಾರಿಗೂ ತಿಳಿಯುವಂತಿತ್ತು. ಆ ದಿನ ಅವರಿಗೆ ಮುಚ್ಚಿದ ರಸ್ತೆಯಿತ್ತು, ನಮಗೆ ನಿಮಗೆ ಎದುರಿನಿಂದ ವಾಹನ ಬರುತ್ತದೆ. ನಮ್ಮ ಬದಿಯ ಅರ್ಧ ರಸ್ತೆಯಷ್ಟೇ ನಮ್ಮದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮಣ್ಣಿನಲ್ಲಿ ಚಕ್ರ ಜಾರುವಾಗ ಮುನ್ಸೂಚನೆ ಕೊಡುತ್ತದೆ, ಜಾರಿದ್ದನ್ನು ಹಿಡಿದು ನಿಲ್ಲಿಸಲೂ ಬರುತ್ತದೆ. ಆ ಜಾರಿಕೆಯೇ ನಿಮಗೊಂದು ಆಟವಾಗಿರಬಹುದು. ಡಾಂಬರಿನಲ್ಲಿ ಹಿಡಿತ ಹೆಚ್ಚು, ಆದರೆ ಅದು ತಪ್ಪಿದರೆ ಥಟ್ಟನೆ ತಪ್ಪುತ್ತದೆ. ಮಳೆಯಲ್ಲಿ ರಸ್ತೆಗೆ ಬಳಿದ ಬಣ್ಣದ ಪಟ್ಟೆಗಳು, ಚರಂಡಿಯ ಕಬ್ಬಿಣದ ಮುಚ್ಚಳಗಳು, ಬಿಸಿಲಿನಲ್ಲೂ ತಿರುವಿನ ಅಂಚಿನಲ್ಲಿ ಕೂಡಿದ ಮರಳು, ಇವುಗಳ ಮೇಲೆ ವಾಲಬೇಡಿ, ಬ್ರೇಕೂ ಒತ್ತಬೇಡಿ.

ಪ್ರಶ್ನೆ: ಮೌಂಟನ್ ಬೈಕಿನ ಪೆಡಲ್ ಮತ್ತು ಶೂಗಳನ್ನೇ ರೋಡ್ ಬೈಕಿಗೂ ಬಳಸಬಹುದೇ?

ಉತ್ತರ: ಖಂಡಿತ. ಶೂವಿನ ಅಡಿಗೆ ಎರಡು ತಿರುಪಿನಿಂದ ಬಿಗಿದ ಲೋಹದ ತುಂಡನ್ನು (ಕ್ಲೀಟ್) ಕಚ್ಚಿ ಹಿಡಿಯುವ ಎಸ್‌ಪಿಡಿ ಪೆಡಲ್‌ಗಳು ಯಾವ ರೋಡ್ ಬೈಕಿನ ಕ್ರ್ಯಾಂಕಿಗೂ ಕೂರುತ್ತವೆ, ಒಂದೇ ಜೊತೆ ಶೂ ಎರಡಕ್ಕೂ ಸಾಕು, ಇಳಿದು ನಡೆಯುವುದೂ ಸುಲಭ. ಮೂರು ತಿರುಪಿನ ರೋಡ್ ಕ್ಲೀಟುಗಳು ಪಾದದಡಿಯ ಒತ್ತಡವನ್ನು ಹೆಚ್ಚು ಅಗಲಕ್ಕೆ ಹರಡುತ್ತವೆ. ನಾಲ್ಕೈದು ಗಂಟೆಗಳ ಸವಾರಿಯಲ್ಲಿ ಪಾದ ಉರಿಯತೊಡಗಿದರೆ ಆಗ ಯೋಚಿಸಿ.

ಪ್ರಶ್ನೆ: ರಸ್ತೆ ಸವಾರರ ಗುಂಪಿನಲ್ಲಿ ಸೇರಿಕೊಂಡೆ. ನಾನು ಯಾವಾಗಲೂ ಎಲ್ಲೆಂದರಲ್ಲಿ ಬ್ರೇಕ್ ಹಿಡಿಯುತ್ತೇನೆ, ಅಡ್ಡಾದಿಡ್ಡಿ ಓಡಿಸುತ್ತೇನೆ ಎಂದು ಹಿರಿಯ ಸವಾರರು ಆಕ್ಷೇಪಿಸಿದರು. ಕಾಡಿನಲ್ಲಿ ನನಗಿಂತ ಚೆನ್ನಾಗಿ ಓಡಿಸುವವರು ನಮ್ಮ ಬಳಗದಲ್ಲೇ ಇಲ್ಲ. ಬೇಸರವಾಯಿತು.

ಉತ್ತರ: ಅವರ ಮಾತಿನ ಧಾಟಿ ಹೇಗಿತ್ತೋ ತಿಳಿಯದು, ಮಾತಿನಲ್ಲಿ ಹುರುಳಿದೆ. ಕಾಡಿನ ಕಿರುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಅಂತರವಿಟ್ಟು ಸಾಗುತ್ತೀರಿ, ಗುಂಡಿ ಕಂಡರೆ ಥಟ್ಟನೆ ಪಕ್ಕಕ್ಕೆ ಹಾರುವುದೇ ಅಲ್ಲಿ ಜಾಣತನ. ರಸ್ತೆಯ ಗುಂಪಿನಲ್ಲಿ ಮುಂದಿನವರ ಹಿಂಚಕ್ರಕ್ಕೂ ನಿಮ್ಮ ಮುಂಚಕ್ರಕ್ಕೂ ನಡುವೆ ಒಂದು ಮೀಟರಿಗಿಂತ ಕಡಿಮೆ ಅಂತರವಿರುತ್ತದೆ. ಮುಂದಿನವರು ಗಾಳಿಯನ್ನು ಸೀಳುವುದರಿಂದ ಹಿಂದಿನವರಿಗೆ ನಾಲ್ಕನೇ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ಶ್ರಮ ಉಳಿಯುತ್ತದೆ. ಆ ಉಳಿತಾಯಕ್ಕಾಗಿಯೇ ಅಷ್ಟು ಹತ್ತಿರ ಸಾಗುವುದು. ಅಂಥ ಕಡೆ ಒಬ್ಬರು ಹಠಾತ್ತನೆ ಬ್ರೇಕ್ ಒತ್ತಿದರೆ ಹಿಂದಿರುವ ಐದಾರು ಮಂದಿ ನೆಲಕ್ಕೆ ಬೀಳಬಹುದು.

ಮೊದಲ ಕೆಲವು ವಾರ ಸಾಲಿನ ಕೊನೆಯಲ್ಲಿದ್ದು, ಎರಡು ಮೀಟರ್ ಅಂತರ ಇಟ್ಟುಕೊಂಡೇ ಸಾಗಿ. ಮುಂದಿನವರ ಚಕ್ರವನ್ನೇ ದಿಟ್ಟಿಸುವ ಬದಲು ಅವರ ಸೊಂಟದ ಮಟ್ಟದಲ್ಲಿ ನೋಟವಿಟ್ಟು ಅದರಾಚೆಯ ರಸ್ತೆಯನ್ನೂ ಗಮನಿಸುತ್ತಿರಿ. ಹತ್ತಿರವಾದಿರಿ ಎನಿಸಿದರೆ ಬ್ರೇಕ್ ಮುಟ್ಟದೆ ಒಂದೆರಡು ಸುತ್ತು ಬಲ ಹಾಕದೆ ಬಿಡಿ, ಅಥವಾ ಎದೆಯನ್ನೆತ್ತಿ ಗಾಳಿಗೆ ಒಡ್ಡಿ, ವೇಗ ತಾನಾಗಿ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ಮುಂಚಕ್ರ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ಹೋಗಿ ನಿಲ್ಲದಿರಲಿ. ಅವರು ಕೊಂಚ ಸರಿದರೂ ಬೀಳುವವರು ನೀವು. ಗುಂಡಿ, ಜಲ್ಲಿ ಕಂಡಾಗ ಕೈಯಿಂದ ತೋರಿಸಿ, ಕೂಗಿ ಹೇಳಿ.

ಹಿಂದೆ ತಿರುಗಿ ನೋಡುವ ಅಭ್ಯಾಸವನ್ನು ಒಬ್ಬರೇ ಇರುವಾಗ, ವಾಹನಗಳಿಲ್ಲದ ಕಡೆ ಮಾಡಿ. ರಸ್ತೆಯಲ್ಲಿ ಒಂದು ನೇರ ಗೆರೆಯನ್ನು ಹಿಡಿದು ಸಾಗುತ್ತ, ಗಲ್ಲವನ್ನು ಭುಜಕ್ಕೆ ತಾಗಿಸುವಂತೆ ಹಿಂದಕ್ಕೆ ನೋಡಿ. ಮೊದಲಿಗೆ ಸೈಕಲ್ ನೋಡಿದ ಕಡೆಗೇ ವಾಲುತ್ತದೆ. ಎದುರು ಬದಿಯ ಮೊಣಕೈಯನ್ನು ಸಡಿಲಬಿಟ್ಟರೆ ಕೆಲವೇ ದಿನಗಳಲ್ಲಿ ನೇರವಾಗುತ್ತದೆ. ಕಾಡಿನಲ್ಲಿ ಅಷ್ಟು ಪಳಗಿದ ನಿಮಗೆ ಇದು ಬೇಗ ಕೈಹತ್ತುವುದರಲ್ಲಿ ಅನುಮಾನವಿಲ್ಲ.

ಪ್ರಶ್ನೆ: ರಸ್ತೆಯಲ್ಲಿ ಎರಡು ಗಂಟೆ ಕಳೆದ ಮೇಲೆ ಕಾಲುಗಳು ಇದ್ದಕ್ಕಿದ್ದಂತೆ ಸೋತುಹೋಗುತ್ತವೆ. ಮೌಂಟನ್ ಬೈಕಿನಲ್ಲಿ ಹೀಗಾಗುವುದಿಲ್ಲ.

ಉತ್ತರ: ನಿಮ್ಮ ಪತ್ರದ ಪ್ರಕಾರ ದಾರಿಯಲ್ಲಿ ನೀರು ಬಿಟ್ಟರೆ ಏನನ್ನೂ ಸೇವಿಸುವುದಿಲ್ಲ. ಕಾಡುದಾರಿಯಲ್ಲಿ ಗೆಳೆಯರಿಗಾಗಿ ನಿಲ್ಲುತ್ತೀರಿ, ಆಗ ಬಾಯಿಗೆ ಏನಾದರೂ ಹಾಕಿಕೊಳ್ಳುತ್ತೀರಿ. ರಸ್ತೆಯಲ್ಲಿ ಆ ನಿಲುಗಡೆಗಳಿಲ್ಲ, ಕಾಲುಗಳಿಗೆ ಬಿಡುವೂ ಇಲ್ಲ. ಒಂದೂವರೆ ಗಂಟೆ ಮೀರುವ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಹೊಟ್ಟೆಗೆ ಹೋಗಬೇಕು, ಅದೂ ಹಸಿವಾಗುವವರೆಗೆ ಕಾಯದೆ ಮೊದಲ ಅರ್ಧ ಗಂಟೆಯಿಂದಲೇ ಸ್ವಲ್ಪಸ್ವಲ್ಪವಾಗಿ. ಮಧುಮೇಹ ಇರುವವರು ವೈದ್ಯರ ಸಲಹೆಯಂತೆ ನಡೆಯಬೇಕು.

ಪ್ರಶ್ನೆ: ಎರಡು ದೋಣಿಯ ಮೇಲೆ ಕಾಲಿಟ್ಟರೆ ಯಾವುದರಲ್ಲೂ ದಡ ಸೇರುವುದಿಲ್ಲ, ಒಂದನ್ನು ಆರಿಸಿಕೋ ಎಂದು ನಮ್ಮ ಬಳಗದವರು ಹೇಳುತ್ತಾರೆ. ಎರಡನ್ನೂ ಇಟ್ಟುಕೊಂಡು ಎರಡರಲ್ಲೂ ಮುಂದೆ ಬರಲು ಸಾಧ್ಯವೇ? ವಾರವನ್ನು ಹೇಗೆ ಹಂಚಿಕೊಳ್ಳಬೇಕು?

ಉತ್ತರ: ಅತ್ಯುನ್ನತ ಮಟ್ಟದಲ್ಲೇ ಸಾಧ್ಯವೆಂದು ತೋರಿಸಿದವರಿದ್ದಾರೆ. ಕೇಡೆಲ್ ಇವಾನ್ಸ್ 1998 ಮತ್ತು 1999ರಲ್ಲಿ ಮೌಂಟನ್ ಬೈಕ್ ವಿಶ್ವಕಪ್ ಸರಣಿಯನ್ನು ಗೆದ್ದು, ಮುಂದೆ 2009ರಲ್ಲಿ ರಸ್ತೆಯ ವಿಶ್ವ ಚಾಂಪಿಯನ್ ಆಗಿ, 2011ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದರು. 2008ರಲ್ಲಿ ಕಿರಿಯರ ಮೌಂಟನ್ ಬೈಕ್ ವಿಶ್ವ ಚಾಂಪಿಯನ್ ಆಗಿದ್ದ ಪೀಟರ್ ಸಗಾನ್ 2015ರಿಂದ 2017ರವರೆಗೆ ಸತತ ಮೂರು ವರ್ಷ ರಸ್ತೆಯ ವಿಶ್ವ ಚಾಂಪಿಯನ್ ಆದರು. ಪೌಲಿನ್ ಫೆರಾಂ ಪ್ರೆವೋ ಅವರ ಉದಾಹರಣೆ ಇನ್ನೂ ಸೊಗಸಾದದ್ದು, ಏಕೆಂದರೆ ಅವರು ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದವರಲ್ಲ, ಮತ್ತೆ ಮತ್ತೆ ಹಿಂದಿರುಗಿದವರು. 2014ರಲ್ಲಿ ರಸ್ತೆಯ, 2015ರಲ್ಲಿ ಸೈಕ್ಲೊಕ್ರಾಸ್ (ಕೆಸರು, ಹುಲ್ಲು, ಅಡ್ಡಿಗಳ ಸುತ್ತುಹಾದಿಯ ಸೈಕಲ್ ಸ್ಪರ್ಧೆ) ಮತ್ತು ಮೌಂಟನ್ ಬೈಕಿನ ವಿಶ್ವ ಚಾಂಪಿಯನ್ ಆದ ಅವರು, 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮೌಂಟನ್ ಬೈಕ್ ಚಿನ್ನ ಗೆದ್ದು, ಮರುವರ್ಷವೇ ರಸ್ತೆಗೆ ಮರಳಿ ಮಹಿಳೆಯರ ಪ್ಯಾರಿಸ್ ರೂಬೆ ಎಂಬ ಒಂದು ದಿನದ ಸ್ಪರ್ಧೆ ಮತ್ತು ಟೂರ್ ದ ಫ್ರಾನ್ಸ್ ಎರಡನ್ನೂ ಗೆದ್ದರು.

ನಮ್ಮಂಥವರ ಮಟ್ಟಕ್ಕೆ ಬಂದರೆ ವಿಷಯ ಇನ್ನೂ ಸರಳ. ಕಾಡುದಾರಿಯ ಸವಾರಿ ಚಿಕ್ಕಚಿಕ್ಕ ತೀವ್ರ ಶ್ರಮಗಳ ಸರಮಾಲೆ. ಅಂಥ ಶ್ರಮಗಳ ನಡುವೆ ಬೇಗ ಚೇತರಿಸಿಕೊಳ್ಳುವ ಶಕ್ತಿ ದೀರ್ಘವಾದ, ಸಮನಾದ ಸವಾರಿಯಿಂದ ಬೆಳೆಯುತ್ತದೆ, ಅದಕ್ಕೆ ರಸ್ತೆಗಿಂತ ಅನುಕೂಲವಾದ ಜಾಗ ಇಲ್ಲ. ವಾರಕ್ಕೆ ಮೂರು ದಿನ ಸಿಗುವುದಾದರೆ ರಸ್ತೆಯಲ್ಲಿ ಒಂದು ದೀರ್ಘವಾದ ನಿರಾಳ ಸವಾರಿ, ಕಾಡಿನಲ್ಲಿ ಒಂದು ಪೂರ್ಣ ಪ್ರಮಾಣದ ಸವಾರಿ ಇರಲಿ, ಮೂರನೆಯ ದಿನವನ್ನು ಮನಸ್ಸಿಗೆ ಬಿಡಿ. ಮಳೆ ಬಂದು ಮಣ್ಣು ಹಸಿಯಾಗಿರುವ ದಿನಗಳಲ್ಲಿ ಹಾದಿಯ ಮೇಲೆ ಚಕ್ರ ಓಡಿಸಿದರೆ ಆಳವಾದ ಗಾಡಿಜಾಡು ಬಿದ್ದು, ನೀರು ಅದರಲ್ಲೇ ಹರಿದು ಹಾದಿ ಕೊಚ್ಚಿಹೋಗುತ್ತದೆ. ಅಂಥ ವಾರಗಳಲ್ಲಿ ರೋಡ್ ಬೈಕ್ ಇರುವವರು ಕಾಡುದಾರಿಗೇ ಉಪಕಾರ ಮಾಡಿದಂತಾಗುತ್ತದೆ.

ರಸ್ತೆಯ ಪ್ರತಿ ಸವಾರಿಯನ್ನೂ ಕಾಡುದಾರಿಗಾಗಿ ಮಾಡುವ ತಾಲೀಮೆಂದು ಎಣಿಸಬೇಡಿ ಎಂಬುದು ಮಾತ್ರ ನನ್ನ ಕಳಕಳಿಯ ವಿನಂತಿ. ಹಾಗೆಣಿಸಿದವರು ಸ್ಪರ್ಧೆಯ ಗುರಿ ತಪ್ಪಿದೊಡನೆ ರೋಡ್ ಬೈಕನ್ನು ಮೂಲೆಗಿಡುತ್ತಾರೆ. ದೂರದ ಊರೊಂದನ್ನು ನಿಮ್ಮ ಕಾಲ ಬಲದಿಂದಲೇ ಮುಟ್ಟಿ ಸಂಜೆಗೆ ಮನೆ ಸೇರುವ ಸಂತೋಷ ರಸ್ತೆಯದೇ ಸ್ವಂತ ಆಸ್ತಿ, ಅದಕ್ಕೆ ಬೇರೆ ಉಪಯೋಗ ಬೇಕಿಲ್ಲ.

ಪ್ರಶ್ನೆ: ಕೆಲವು ತಿಂಗಳು ರಸ್ತೆಯಲ್ಲೇ ಮುಳುಗಿದ್ದೆ. ಈಗ ಮೌಂಟನ್ ಬೈಕ್ ಹತ್ತಿದರೆ ಮರದ ಬೊಂಬೆಯಂತೆ ಬಿಗಿಯಾಗಿದ್ದೇನೆ. ಹಳೆಯ ಕೈಚಳಕ ಮರಳಿ ಬರುತ್ತದೆಯೇ?

ಉತ್ತರ: ಬರುತ್ತದೆ, ಒಂದೆರಡು ಸವಾರಿ ಸಾಕು. ರಸ್ತೆಯಲ್ಲಿ ಸೀಟಿಗೆ ಅಂಟಿಕೊಂಡು ಕೂರುವುದು ರೂಢಿಯಾಗಿ, ಕಾಡಿನಲ್ಲೂ ಹಾಗೆಯೇ ಕೂರುತ್ತಿರುತ್ತೀರಿ, ಬಿಗಿತಕ್ಕೆ ಅದೇ ಮುಖ್ಯ ಕಾರಣ. ಚೆನ್ನಾಗಿ ಪರಿಚಯವಿರುವ ಸುಲಭದ ಹಾದಿಯನ್ನೇ ಆರಿಸಿಕೊಂಡು, ಸೀಟನ್ನು ತಗ್ಗಿಸಿ, ಪೆಡಲ್‌ಗಳನ್ನು ಸಮತಟ್ಟಾಗಿಟ್ಟು ಅವುಗಳ ಮೇಲೆ ನಿಂತೇ ಇಳಿಯಿರಿ. ಮೊಣಕೈ ಮೊಣಕಾಲು ಮಡಿಸಿ ಸೈಕಲ್ಲನ್ನು ನಿಮ್ಮ ಕೆಳಗೆ ಕುಣಿಯಲು ಬಿಡಿ. ಬ್ರೇಕಿನ ಮೇಲೆ ಒಂದೇ ಬೆರಳಿರಲಿ; ರೋಡ್ ಬೈಕಿನಲ್ಲಿ ಎರಡು ಮೂರು ಬೆರಳು ಬಳಸಿ ರೂಢಿಯಾದವರು ಮೌಂಟನ್ ಬೈಕಿನ ಬಲವಾದ ಬ್ರೇಕನ್ನು ಹಾಗೆಯೇ ಒತ್ತಿ ಮುಂಚಕ್ರವನ್ನು ಕಚ್ಚಿಸಿಬಿಡುತ್ತಾರೆ.

ಸವಾರನಿಗಿಂತ ಮೊದಲು ಸೈಕಲ್ಲನ್ನು ನೋಡಬೇಕಾದದ್ದೂ ಉಂಟು. ರಸ್ತೆಯ ಪಂಪಿನ ಅಂದಾಜಿನಲ್ಲೇ ಗಾಳಿ ಹೊಡೆದಿದ್ದರೆ ಮೌಂಟನ್ ಬೈಕಿನ ಟೈರ್ ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ. 20ರಿಂದ 25 ಪಿಎಸ್‌ಐ ಆಸುಪಾಸಿಗೆ ಇಳಿಸಿ. ಟ್ಯೂಬ್‌ಲೆಸ್ ಟೈರಿನೊಳಗೆ ತೂತು ಮುಚ್ಚಲೆಂದು ಹಾಕಿದ ದ್ರವ ಕೆಲವು ತಿಂಗಳಲ್ಲಿ ಒಣಗಿಹೋಗುತ್ತದೆ. ಚಕ್ರವನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಒಳಗೆ ದ್ರವ ತುಳುಕುವ ಸದ್ದು ಕೇಳದಿದ್ದರೆ ಹೊಸದಾಗಿ ತುಂಬಿಸಿಕೊಂಡೇ ಹಾದಿಗಿಳಿಯಿರಿ.